350 ರೂಪಾಯಿಯ ಸೈಕಲ್ಲೋ, 60 ಸಾವಿರದ್ದೋ

ಮೊದಲು ಲೆಕ್ಕದ ಎರಡು ತುದಿ ಹೇಳಿಬಿಡುತ್ತೇನೆ. ಧಾರವಾಡದ ಸಪ್ತಾಪುರದಲ್ಲಿ ಒಂದು ಹಳೇ ಮನೆ ಖಾಲಿ ಮಾಡುತ್ತಿದ್ದರು. ವರಾಂಡದ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಒಂದು ಗೇರ್ ಸೈಕಲ್ ನಿಂತಿತ್ತು. ಗುಜರಿಯವನು ಬಂದು, ಒಂದು ಕೈಯಲ್ಲಿ ಎತ್ತಿ ನೋಡಿ, 350 ಅಂದ. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ 60 ಸಾವಿರ ಅಂದ. ಇಂಗ್ಲೆಂಡಿನಲ್ಲಿ ಯಾರೋ ಇಂಥದ್ದೇ ಸೈಕಲ್ಲಿಗೆ 550 ಪೌಂಡ್ ಕೇಳುತ್ತಿರುವ ಫೋಟೋ ಅವನಿಗೆ ಸಿಕ್ಕಿತ್ತು.

ಮನೆಯ ಕಾಕು ನನ್ನ ಕಡೆ ನೋಡಿದರು. "ಇಬ್ಬರೂ ಹುಚ್ಚರಿದ್ದಂಗ ಅದಾರ. ನೀನ ಒಂದು ರೇಟ್ ಹೇಳು ತಮ್ಮಾ. ಬೇಕಿದ್ರ ನೀನ ತೊಗೊ."

ನನಗೆ ಬೇಕಿತ್ತು. ತೊಂದರೆ ಅದೇ. ಬೆಲೆ ಕಟ್ಟುವವನೂ ನಾನೇ, ಕೊಳ್ಳುವವನೂ ನಾನೇ ಆದರೆ ಕೈ ತಾನಾಗಿಯೇ ಕೆಳಗೆ ಎಳೆಯುತ್ತದೆ. ಅದಕ್ಕೇ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಎಲ್ಲಾ ಕಾಗದದ ಮೇಲೆ ಬರೆದು, ಆಮೇಲೆ ಬೆಲೆ ಹೇಳುತ್ತೇನೆ ಅಂದೆ. ಐದು ರವಿವಾರ ಹಿಡಿಯಿತು.

ಸೈಕಲ್ ತೀರಿಹೋದ ಕಾಕಾ ಅವರದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು 1986ರಲ್ಲಿ ವಾಪಸ್ ಬರುವಾಗ ಹಡಗಿನಲ್ಲಿ ಹಾಕಿಸಿ ತಂದರಂತೆ. ಅಂತೆ ಅಂತ ಯಾಕೆ ಬರೆದೆ ಅಂದರೆ, ಹಳೇ ಸೈಕಲ್ ಜೊತೆ ಬರುವ ಕತೆಗೆ ನಾನು ಮೊದಲ ದಿನ ಒಂದು ಪೈಸೆಯೂ ಕಟ್ಟುವುದಿಲ್ಲ. ಕತೆ ಹೇಳುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ನೆನಪು ಸರಿಯಿರುತ್ತೆ, ವರ್ಷ ತಪ್ಪಿರುತ್ತೆ.

ಮೊದಲ ರವಿವಾರ ತೊಳೆದೆ, ಅಷ್ಟೇ. ಬಕೆಟ್ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್. ಕೆಳಗಿಂದ ಬಂದದ್ದು ಹಸಿರು ಬಣ್ಣ. ಆದರೆ ಕಂಪನಿ ಹಸಿರಲ್ಲ, ಗೇಟಿಗೆ ಹೊಡೆಯುವ ಎನಾಮಲ್ ಹಸಿರು. ಬ್ರಷ್ಷಿನ ಗೆರೆ ಕೂಡ ಕಾಣುತ್ತಿತ್ತು. "ಗೇಟಿಗೆ ತಂದಿದ್ದು ಉಳಿದಿತ್ತು, ಅವರ ಹೊಡದ್ರು" ಅಂದರು ಕಾಕು. ಉಳಿದ ಅರ್ಧ ಡಬ್ಬಿ ಪೇಂಟ್, ಸೈಕಲ್ಲಿನ ಬೆಲೆಯಲ್ಲಿ ಹತ್ತು ಸಾವಿರ ತಿಂದಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ಪೇಂಟಿನ ಕೆಳಗೆ ಸ್ಟಿಕ್ಕರುಗಳೆಲ್ಲ ಮುಚ್ಚಿಹೋಗಿದ್ದವು. ಮಾಡೆಲ್ ಹೆಸರಿಲ್ಲ, ಪೈಪು ಯಾವುದು ಅಂತ ಹೇಳುವ ಚೀಟಿ ಇಲ್ಲ. ಉಳಿದದ್ದು ಮುಂದಿನ ಬಿಲ್ಲೆ ಒಂದೇ, ಅದರ ಮೇಲೆ ಕೊಕ್ಕರೆಯ ತಲೆ.

ಪಕ್ಕದ ಮನೆಯ ಹಿರಿಯರು ಇಣುಕಿ, "ಓ, ರ‍್ಯಾಲಿ! ನಮ್ಮಪ್ಪನ ಹತ್ರಾನೂ ಇತ್ತು" ಅಂದರು. ಇತ್ತು, ನಿಜ. ಆದರೆ ನಮ್ಮ ಕಡೆ ರ‍್ಯಾಲಿ ಅಂದರೆ ಕರಿ ಬಣ್ಣ, ಸರಳು ಬ್ರೇಕು, ಹಿಂದೆ ಎರಡು ಹಾಲಿನ ಕ್ಯಾನು ತೂಗುವ ಕ್ಯಾರಿಯರ್. ಅದು ಸೇನ್-ರ‍್ಯಾಲಿ, ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ತಯಾರಾದದ್ದು. ಗಟ್ಟಿ ಗಾಡಿ, ಮರ್ಯಾದೆಯ ಗಾಡಿ. ಇದು ಬೇರೆ. ಬಿಲ್ಲೆಯ ಕೆಳಗೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಅಂತ ಇದೆ, ಬಾಗಿದ ಹ್ಯಾಂಡಲ್ ಇದೆ, ಗೇರಿನ ಸಣ್ಣ ಕಡ್ಡಿಗಳು ಕೆಳಗಿನ ಓರೆ ಪೈಪಿನ ಮೇಲಿವೆ. ಆದರೆ ಬಿಲ್ಲೆ ಕೂತಿರುವುದು ಎರಡು ರಿವೆಟ್ ಮೇಲೆ. ರಿವೆಟ್ ಕಿತ್ತು ಯಾವ ಸೈಕಲ್ಲಿಗೆ ಬೇಕಾದರೂ ಹೊಡೆಯಬಹುದು, ಅಲ್ವಾ?

ಅದಕ್ಕೆ ವರ್ಷವನ್ನು ಗೇರಿನ ಹತ್ತಿರ ಕೇಳಿದೆ. ಇದರ ಗೇರು ಮಾಡಿದ ಶಿಮಾನೊ ಕಂಪನಿ ತನ್ನ ಸಾಮಾನಿನ ಬೆನ್ನ ಮೇಲೆ ಎರಡು ಇಂಗ್ಲಿಷ್ ಅಕ್ಷರ ಒತ್ತುತ್ತಿತ್ತು. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಎ ಅಂದರೆ 1976, ಬಿ ಅಂದರೆ 1977, ಹೀಗೆ. ತಿಂಗಳಿಗೂ ಹಾಗೇ, ಎ ಜನವರಿ, ಎಲ್ ಡಿಸೆಂಬರ್. ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಪಕ್ಕಕ್ಕೆ ತಳ್ಳುವ ಸಾಮಾನು, ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದರ ಒಳಮೈ ಒರೆಸಿ, ಟಾರ್ಚನ್ನು ಅಡ್ಡ ಹಿಡಿದಾಗ ಕಂಡದ್ದು ಜೆ ಮತ್ತು ಸಿ. ಬೆರಳೆಣಿಸಿದೆ. ಜೆ ಹತ್ತನೇ ಅಕ್ಷರ, ಅಂದರೆ 1985, ಮಾರ್ಚ್. ಒಂದು ಸಾಮಾನು ಆಮೇಲೆ ಬದಲಾಗಿರಬಹುದು ಅಂತ ಮುಂದಿನದನ್ನೂ ನೋಡಿದೆ. ಜೆ ಮತ್ತು ಬಿ. ಅದೇ ವರ್ಷದ ಫೆಬ್ರವರಿ. ಎರಡೂ ಒಂದೇ ಕಾಲದ್ದು ಅಂದಮೇಲೆ ಸೈಕಲ್ 1985ರ ಆಸುಪಾಸಿನದು. ಕಾಕಾ 1986ರಲ್ಲಿ ತಂದದ್ದು ಹೌದು. ಕತೆಗೆ ಈಗ ಬೆಲೆ ಕಟ್ಟಬಹುದು.

ಎರಡನೇ ರವಿವಾರ ಫ್ರೇಮು. ಹಳೇ ಸೈಕಲ್ಲಿನಲ್ಲಿ ನಿಜವಾದ ಬೆಲೆ ಇರುವುದು ಫ್ರೇಮಿನಲ್ಲಿ. ಫ್ರೇಮ್ ಸೊಟ್ಟ ಇದ್ದರೆ ಉಳಿದದ್ದೆಲ್ಲ ಬಿಡಿಭಾಗ, ಅಷ್ಟೇ. ಮುಂದಿನಿಂದ ಗುದ್ದಿದ ಸೈಕಲ್ಲಿನಲ್ಲಿ ಓರೆ ಪೈಪಿನ ತಳ, ಹ್ಯಾಂಡಲ್ ಕಡೆಯ ಬೆಸುಗೆ ದಾಟಿದ ಕೂಡಲೇ, ಸೀರೆ ನೆರಿಗೆ ಹಾಗೆ ಸಣ್ಣಗೆ ಉಬ್ಬಿರುತ್ತದೆ. ಕಣ್ಣಿಗಿಂತ ಹೆಬ್ಬೆರಳಿಗೆ ಬೇಗ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಮೂರು ಸಲ ಸವರಿದೆ. ನುಣುಪಾಗಿತ್ತು. ಆದರೆ ಮೇಲೆ ಗೇಟಿನ ಪೇಂಟ್ ದಪ್ಪ ಕೂತಿದೆಯಲ್ಲ, ಅದರ ಕೆಳಗೆ ಪುಟ್ಟಿ ತುಂಬಿ ಏನಾದರೂ ಮುಚ್ಚಿರಬಹುದು. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ತಂದು ಎಲ್ಲಾ ಪೈಪಿನ ಮೇಲೂ ಇಟ್ಟೆ. ಪುಟ್ಟಿ ಇದ್ದ ಕಡೆ ಹಿಡಿತ ಸಡಿಲ ಆಗುತ್ತೆ. ಎಲ್ಲೂ ಆಗಲಿಲ್ಲ.

ಆಮೇಲೆ ದಾರದ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಆದರೂ ಯಾರೂ ಮಾಡುವುದಿಲ್ಲ. ಹಿಂದಿನ ಚಕ್ರ ಕೂರುವ ಒಂದು ಕಡೆಯ ಕಚ್ಚಿನಿಂದ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಹೆಡ್ ಪೈಪಿಗೆ ಸುತ್ತಿಸಿ, ಇನ್ನೊಂದು ಕಡೆಯ ಕಚ್ಚಿಗೆ ಬಿಗಿಯಾಗಿ ತರಬೇಕು. ಈಗ ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ನಮ್ಮದರಲ್ಲಿ ಎಡಕ್ಕೆ 41 ಮಿಲಿಮೀಟರ್, ಬಲಕ್ಕೆ 42. ಒಂದು ಮಿಲಿಮೀಟರ್ ಅಂದರೆ ಏನೂ ಅಲ್ಲ. ದಾರಕ್ಕೆ ಕಾಕು ಕೊಟ್ಟದ್ದು ಹೂವು ಕಟ್ಟುವ ನೂಲು. ಅದು ಜಗ್ಗುತ್ತೆ ಅಂತ ಎರಡನೇ ಸಲ ಗಾಳಿಪಟದ ದಾರದಲ್ಲಿ ಅಳೆದೆ. ಅದೇ ಬಂತು.

ಹಿಂದಿನ ಕಚ್ಚುಗಳನ್ನೂ ನೋಡಿದೆ. ಅಗ್ಗದ ಸೈಕಲ್ಲಿನಲ್ಲಿ ಅವು ತಗಡು ಕತ್ತರಿಸಿ ಮಾಡಿದ ಹಾಗಿರುತ್ತವೆ, ಡಿರೇಲರ್ ಹಿಡಿಯುವ ಕೊಂಡಿ ಬೇರೆ ಬೋಲ್ಟಿನಲ್ಲಿ ಸಿಕ್ಕಿಸಿರುತ್ತದೆ. ಇದರಲ್ಲಿ ದಪ್ಪ, ಗಟ್ಟಿ ಕಚ್ಚು, ಕೊಂಡಿ ಅದರದೇ ಭಾಗ, ಚಕ್ರ ಹಿಂದೆ ಮುಂದೆ ಸರಿಸಲು ಎರಡು ಸಣ್ಣ ಸ್ಕ್ರೂ. ಒಳ್ಳೇ ಲಕ್ಷಣ. ತೂಕ ಲಗೇಜ್ ತಕ್ಕಡಿಯಲ್ಲಿ 11.6 ಕಿಲೋ. ಗುಜರಿಯವನ 350 ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಕಿಲೋಗೆ 30 ಹಾಕಿದ್ದಾನೆ, ಕೈಯಲ್ಲಿ ಎತ್ತಿಯೇ 12 ಕಿಲೋಗೆ ಸ್ವಲ್ಪ ಕಮ್ಮಿ ಅಂತ ಅಂದಾಜು ಮಾಡಿದ್ದಾನೆ. ಅವನ ಕೈಗೆ ನಮಸ್ಕಾರ.

ಇನ್ನು ಸೀಟಿನ ಕಂಬ. ಇದರ ಮೇಲೆ ಎರಡು ವಾರ ಹೋಯಿತು.

ಕಂಬ ಅಲ್ಯೂಮಿನಿಯಂ, ಪೈಪು ಉಕ್ಕು, ಮಧ್ಯೆ ಧಾರವಾಡದ ಮಳೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಎರಡು ಲೋಹ ಸೇರಿ ಬಿಳಿ ಪುಡಿ ಕಟ್ಟಿ ಬೆಸುಗೆ ಹಾಕಿದ ಹಾಗೆ ಹಿಡಿದುಬಿಡುತ್ತವೆ. ಸೀಟು ಹಿಡಿದು ತಿರುಗಿಸಿದರೆ ಸೈಕಲ್ಲೇ ತಿರುಗುತ್ತಿತ್ತು. ಬೆಲೆ ಕಟ್ಟುವಾಗ ಕಂಬ ಅಲುಗದಿದ್ದರೆ ನಾನು ಅಲ್ಲೇ ಮೂರು ಸಾವಿರ ಕಳೆಯುತ್ತೇನೆ. ಅಲುಗದ ಕಂಬ ಅಂದರೆ ಸೈಕಲ್ ಒಬ್ಬನೇ ಒಬ್ಬನ ಎತ್ತರಕ್ಕೆ, ಅದೂ ತೀರಿಹೋದವರ ಎತ್ತರಕ್ಕೆ ನಿಂತಿದೆ ಅಂತ. ದಿನಾ ಸಂಜೆ ಹೋಗಿ ನಾಲ್ಕು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಬಂದೆ. ಆಗಲಿಲ್ಲ. ಅಮೋನಿಯಾ ಹಾಕಿದೆ, ಅಲ್ಯೂಮಿನಿಯಂ ಪುಡಿಯನ್ನು ಅದು ಕರಗಿಸುತ್ತದೆ ಅಂತ ಹೇಳುತ್ತಾರೆ. ವರಾಂಡ ಪೂರ್ತಿ ನಾತ, ಕಾಕು ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು, ಕಂಬ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕಡೆಗೆ ಮೂರನೇ ವಾರ ಲಕಮನಹಳ್ಳಿ ಕೈಗಾರಿಕಾ ವಸಾಹತಿನ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಮೇಸ್ತ್ರಿ ಉಪಾಯ ಸೀದಾ. ಸೀಟು ಬಿಚ್ಚಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಕಂಬದ ತಲೆಯನ್ನು ದೊಡ್ಡ ವೈಸಿನಲ್ಲಿ ಕಚ್ಚಿಸಿದ. "ಈಗ ಕಂಬ ತಿರುಗಸೂದಲ್ರೀ, ಸೈಕಲ್ ತಿರುಗಸೂದು" ಅಂದ. ಇಬ್ಬರೂ ಫ್ರೇಮಿನ ಎರಡು ತುದಿ ಹಿಡಿದು ಗಾಣದ ಎತ್ತುಗಳ ಹಾಗೆ ನಿಧಾನಕ್ಕೆ ಒತ್ತಿದೆವು. ಮೊದಲು ಏನೂ ಇಲ್ಲ. ಆಮೇಲೆ ಹಳೇ ಬಾಗಿಲಿನ ಕೀಲಿನ ಸದ್ದು. ಒಂದು ಕೂದಲೆಳೆ ಅಲುಗಿತು. ಅಲ್ಲಿಂದ ಹಿಂದೆ ಮುಂದೆ, ಎಣ್ಣೆ, ಮತ್ತೆ ಹಿಂದೆ ಮುಂದೆ. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂತು, ಮೈತುಂಬಾ ಬಿಳಿ ಬೂದಿ ಬಳಿದುಕೊಂಡು. ಮೇಸ್ತ್ರಿ 200 ತೆಗೆದುಕೊಂಡ.

ಬೂದಿ ಒರೆಸಿದಾಗ ಕಂಬದ ಮೇಲೆ ಒಂದು ಅಂಕಿ ಕಂಡಿತು. 27.2. ವರ್ನಿಯರ್ ಹಿಡಿದೆ, ಸರಿ ಇತ್ತು. ನಾನು ಅಲ್ಲೇ ಅಂಗಡಿಯಲ್ಲಿ ನಗಲು ಶುರು ಮಾಡಿದ್ದಕ್ಕೆ ಮೇಸ್ತ್ರಿ ಗಾಬರಿಯಾದ. ಆ ಅಂಕಿಯಲ್ಲಿ ಏನಿದೆ ಅಂದರೆ, ಸೀಟಿನ ಪೈಪಿನ ಹೊರ ಅಳತೆ 28.6 ಮಿಲಿಮೀಟರ್. ಅದರಿಂದ 27.2 ಕಳೆದರೆ 1.4. ಎರಡು ಗೋಡೆ ಅಂತ ಅರ್ಧ ಮಾಡಿದರೆ 0.7. ಪೈಪಿನ ಗೋಡೆ ಬರೀ 0.7 ಮಿಲಿಮೀಟರ್! ಸಾಮಾನ್ಯ ಉಕ್ಕನ್ನು ಅಷ್ಟು ತೆಳ್ಳಗೆ ಎಳೆದರೆ ಸೈಕಲ್ ತಡೆಯುವುದಿಲ್ಲ. ಕಂಬ 26.2 ಇದ್ದಿದ್ದರೆ ಗೋಡೆ 1.2, ಅಂದರೆ ಮಾಮೂಲಿ ಭಾರದ ಪೈಪು. ಇಂಗ್ಲೆಂಡಿನಲ್ಲಿ ಮಾಡಿದ, 27.2 ಕಂಬದ ರ‍್ಯಾಲಿ ಅಂದರೆ ಬಹುತೇಕ ರೆನಾಲ್ಡ್ಸ್ ಕಂಪನಿಯ 531 ಪೈಪು. ಮ್ಯಾಂಗನೀಸ್, ಮಾಲಿಬ್ಡಿನಂ ಸೇರಿಸಿದ ಉಕ್ಕು, 1935ರಿಂದ ಮಾಡುತ್ತಾ ಬಂದದ್ದು. ದಶಕಗಟ್ಟಲೆ ರೇಸಿನವರು ಕುಳಿತದ್ದು ಇದರ ಮೇಲೇ.

ಬಹುತೇಕ ಅಂತ ಸುಮ್ನೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡಲಿಲ್ಲ. ಸೀಟಿನ ಪೈಪಿನ ಮೇಲ್ಭಾಗದಲ್ಲಿ, ಹಸಿರು ಪೇಂಟಿನ ಕೆಳಗೆ, ಸ್ಟಿಕ್ಕರಿನ ಅಂಚು ಉಬ್ಬಿದ ಹಾಗೆ ಕಾಣುತ್ತಿತ್ತು. ಥಿನ್ನರ್ ಹತ್ತಿಯಲ್ಲಿ ಅದ್ದಿ ಒತ್ತಿ ಹಿಡಿದೆ. ಹಸಿರು ಮೆತ್ತಗಾಗಿ ಎದ್ದಿತು. ಕೆಳಗೆ ಅಂಕಿ ಕಂಡ ಖುಷಿಗೆ ಇನ್ನೊಂದು ಸಲ ಒರೆಸಿದೆ, ಆ ಒಂದು ಸಲ ಜಾಸ್ತಿ ಆಯಿತು. ಥಿನ್ನರಿಗೆ ಗೇಟಿನ ಪೇಂಟ್ ಯಾವುದು, ನಲವತ್ತು ವರ್ಷದ ಸ್ಟಿಕ್ಕರ್ ಯಾವುದು ಅಂತ ಗೊತ್ತಾಗುತ್ತಾ? 5 ಹತ್ತಿಗೆ ಬಂತು. ಫ್ರೇಮಿನ ಮೇಲೆ 31 ಉಳಿಯಿತು. ಹತ್ತಿಯನ್ನು ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತೆ. ಸ್ಟಿಕ್ಕರ್ ಪೂರ್ತಿ ಉಳಿದಿದ್ದರೆ ಮಾರುವಾಗ ಎರಡು ಸಾವಿರವಾದರೂ ಜಾಸ್ತಿ ಬರುತ್ತಿತ್ತು. ಆ ನಷ್ಟ ನನ್ನದು, ಕಾಕು ಬೆಲೆಯಿಂದ ಕಳೆಯುವ ಹಾಗಿಲ್ಲ. ಹಾಗಂತ ಕಾಗದದ ಮೇಲೆ ಬರೆದಿಟ್ಟೆ, ಇಲ್ಲದಿದ್ದರೆ ಮರೆಯುತ್ತೇನೆ.

ನಾಲ್ಕನೇ ರವಿವಾರ ಉರುಳುವ ಭಾಗಗಳು. ಪೆಡಲ್ ತೋಳು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಎಡಗಡೆಯ ಕಪ್ ಬಿಚ್ಚಿ ಒಳಗಿನ ಗುಂಡು ತೆಗೆದೆ, ಕಡೆಗೆ ಹನ್ನೊಂದರಂತೆ ಇಪ್ಪತ್ತೆರಡು, ಕಾಲಿಂಚಿನವು. ಎಲ್ಲಾ ಮಂಕಾಗಿದ್ದವು, ಆದರೆ ಕಪ್ಪಿನಲ್ಲಿ ಗುಂಡಿ ಬಿದ್ದಿರಲಿಲ್ಲ. ಹೊಸ ಗುಂಡು, ಗ್ರೀಸು ಸಾಕು. ಒಂದು ಎಚ್ಚರ, ಬಲಗಡೆಯ ಕಪ್ಪಿಗೆ ಕೈ ಹಾಕುವುದಿದ್ದರೆ ಇಂಗ್ಲಿಷ್ ಸೈಕಲ್ಲಿನಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ. ಬಿಚ್ಚುತ್ತಿದ್ದೇನೆ ಅಂತ ಪಾನಾ ಹಾಕಿ ಬಿಗಿಮಾಡಿದವರನ್ನು ನೋಡಿದ್ದೇನೆ. ಕನ್ನಡಿಯಲ್ಲೇ ನೋಡಿದ್ದೇನೆ ಅನ್ನಿ.

ಚೈನಿಗೆ ಶಾಲೆ ಮಕ್ಕಳ ಫುಟ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ 12 ಇಂಚಿನ ಗೆರೆಯ ಮೇಲೆ ಇನ್ನೊಂದು ಪಿನ್ನಿನ ನಡು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೋಗಿದ್ದರೆ ಫ್ರೀವೀಲಿನ ಹಲ್ಲನ್ನೂ ಅದು ತಿಂದಿರುತ್ತದೆ. ನಮ್ಮದು ಹದಿನಾರಕ್ಕೆ ನಿಂತಿತ್ತು. ಕಾಕಾ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದದ್ದು ಬಿಟ್ಟರೆ ಹೆಚ್ಚು ಓಡಿಸಿಲ್ಲ. ಆರು ಗೇರಿನ ಫ್ರೀವೀಲ್ ಉಳಿಯಿತು.

ನಿಜವಾದ ತಲೆನೋವು ಟಾಯರು. ಇದರದು 27 ಇಂಚು, ಒಂದೂಕಾಲು ಅಗಲ. ಹುಬ್ಬಳ್ಳಿಗೆ ಚಿಗರಿ ಬಸ್ ಹತ್ತಿ ಹೋಗಿ ಮೂರು ಅಂಗಡಿ ತಿರುಗಿದೆ. ಒಬ್ಬರು 27.5 ತಂದು ಕೌಂಟರ್ ಮೇಲಿಟ್ಟು, "ಅರ್ಧ ಇಂಚು, ಅಡ್ಜಸ್ಟ್ ಆಗ್ತದ್ರೀ" ಅಂದರು. ಸೈಕಲ್ ಟಾಯರಿನ ಇಂಚು ನಂಬಿದರೆ ಕೆಟ್ಟಿರಿ. ರಿಮ್ಮಿನ ಮೇಲೆ ಕೂರುವ ಅಳತೆ ನೋಡಬೇಕು. 27ರದು 630 ಮಿಲಿಮೀಟರ್, ಎಂಟಿಬಿ ಅನ್ನುವ ಗುಡ್ಡಗಾಡು ಸೈಕಲ್ಲಿನ 27.5ರದು 584. ಹೆಸರಿನಲ್ಲಿ ಅರ್ಧ ಇಂಚು ದೊಡ್ಡದು, ಅಳತೆಯಲ್ಲಿ 46 ಮಿಲಿಮೀಟರ್ ಸಣ್ಣದು! ಇನ್ನೊಬ್ಬರು ನಮ್ಮ ಊರಿನ ದೊಡ್ಡ ಸೈಕಲ್ಲಿನ 28 ಟಾಯರ್ ತೋರಿಸಿದರು. ಅದು 635, ಈ ರಿಮ್ಮಿಗೆ ಸಡಿಲ. ಗಾಳಿ ತುಂಬಿದ ಮೇಲೆ ಎಲ್ಲಿ ಹಾರುತ್ತೆ ಹೇಳಲಾಗದು.

ದಾರಿ ಎರಡು. ಈಗಿನ ರೋಡ್ ಸೈಕಲ್ಲಿನ 700ಸಿ ಚಕ್ರ ಹಾಕುವುದು, ಅದರ ಅಳತೆ 622. ಬ್ರೇಕಿನ ರಬ್ಬರು 4 ಮಿಲಿಮೀಟರ್ ಕೆಳಗಿಳಿದರೆ ಸಾಕು, ಇದರ ಬ್ರೇಕಿನಲ್ಲಿ ಅಷ್ಟು ಜಾಗ ಇದೆ. ಚಕ್ರ, ಟಾಯರ್ ಸೇರಿ 5,800 ಆಗುತ್ತಿತ್ತು. ಇನ್ನೊಂದು, 27ರ ಟಾಯರನ್ನೇ ಹೊರಗಿನಿಂದ ತರಿಸುವುದು, ಜೋಡಿಗೆ 3,600. ದಿನಾ ಓಡಿಸುವವನು 700ಸಿ ಹಾಕಬೇಕು, ಇಲ್ಲದಿದ್ದರೆ ಅಣ್ಣಿಗೇರಿ ಹತ್ತಿರ ಟಾಯರ್ ಸೀಳಿದರೆ ಬಸ್ಸೇ ಗತಿ. ಆದರೆ ಮೂಲ ಚಕ್ರ ಚೆನ್ನಾಗಿರುವಾಗ ಅದನ್ನು ತೆಗೆದರೆ ಬೆಲೆ ಇಳಿಯುತ್ತದೆ. ಲೆಕ್ಕಕ್ಕೆ 3,600 ಹಿಡಿದೆ. ಟ್ಯೂಬು ಮಾತ್ರ 700ಸಿಯದೇ ನಡೆಯುತ್ತದೆ, ರಬ್ಬರ್ ಅಲ್ವಾ, ಜಗ್ಗುತ್ತೆ.

ಈಗ ತಯಾರಾದ ಸೈಕಲ್ ಎಷ್ಟಕ್ಕೆ ಹೋಗುತ್ತೆ ಅನ್ನುವ ಪ್ರಶ್ನೆ. ಮಗ ಕಳಿಸಿದ 550 ಪೌಂಡ್ ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ. ಫೋಟೋದ ಸೈಕಲ್ಲಿಗೆ ಕಂಪನಿ ಬಣ್ಣವೂ ಇತ್ತು, ಎಲ್ಲಾ ಸ್ಟಿಕ್ಕರೂ ಇದ್ದವು. ಗದಗದಲ್ಲಿ ಹುಡುಗರಿಗೆ ಸೈಕ್ಲಿಂಗ್ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ. "ಗೇರ್ ಬದಲಸಾಕ ಹ್ಯಾಂಡಲ್ ಬಿಟ್ಟು ಕೆಳಗ ಕೈ ಹಾಕಬೇಕು. ನಮ್ಮ ಹುಡುಗೂರು ಆರು ಸಾವಿರದ ಮ್ಯಾಲ ಕೊಡಂಗಿಲ್ಲ" ಅಂದ. ರೇಸಿನ ಹುಡುಗರಿಗೆ ಅದು ನ್ಯಾಯವಾದ ಬೆಲೆ. ಬೆಂಗಳೂರಿನಲ್ಲಿ ಹಳೇ ಉಕ್ಕಿನ ಸೈಕಲ್ ಕೂಡಿಡುವ ಇನ್ನೊಬ್ಬ ಗೆಳೆಯ, ದಾರದ ಅಳತೆ, 27.2, ಅಕ್ಷರಗಳು, ಎಲ್ಲದರ ಫೋಟೋ ನೋಡಿ, ಮೂಲ ಬಣ್ಣ ಇದ್ದಿದ್ದರೆ 25 ದಾಟುತ್ತಿತ್ತು, ಗೇಟಿನ ಬಣ್ಣಕ್ಕೆ 15ರಿಂದ 17 ಅಂದ. ಫ್ರೇಮ್ 58 ಸೆಂಟಿಮೀಟರ್, ಎತ್ತರದವರಿಗೆ ಮಾತ್ರ, ಅದಕ್ಕೂ ಸ್ವಲ್ಪ ಹೊಡೆತ. ನಾನು ಐದಡಿ ಒಂಬತ್ತು, ಸೈಕಲ್ ನಡುವೆ ಕಾಲು ಹಾಕಿ ನಿಂತರೆ ಮೇಲಿನ ಪೈಪಿಗೂ ನನಗೂ ನಡುವೆ ಒಂದು ಬೆರಳು. ಗುಂಡಿಗೆ ಇಳಿದರೆ ದೇವರೇ ಕಾಪಾಡಬೇಕು.

ಗದಗದ ಆರು ಸಾವಿರ ಹಿಡಿದುಕೊಂಡರೆ ಸೈಕಲ್ ಹೆಚ್ಚುಕಮ್ಮಿ ಬಿಟ್ಟಿ ಬರುತ್ತಿತ್ತು. ನಾಳೆ ನಾನೇ ಅದನ್ನು ಬೆಂಗಳೂರಿಗೆ ಕಳಿಸಿದರೆ? ಹಾಗಾಗಿ 16,000 ಹಿಡಿದು ಕೆಳಗೆ ಖರ್ಚು ಬರೆದೆ. ಟಾಯರ್ 3,600, ಟ್ಯೂಬ್ 400, ಚೈನ್ 450, ಬ್ರೇಕ್ ರಬ್ಬರ್ 320, ಕೇಬಲ್ 480, ಗುಂಡು ಗ್ರೀಸು 250, ಹ್ಯಾಂಡಲ್ ಪಟ್ಟಿ 400, ಲೇತ್ ಅಂಗಡಿ 200. ಒಟ್ಟು 6,300. ಉಳಿದದ್ದು 9,700.

ಐದನೇ ರವಿವಾರ ಕಾಗದ ಕಾಕು ಕೈಗೆ ಕೊಟ್ಟೆ. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು ಅನ್ನುವುದು ನನಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಿರಲಿಲ್ಲ. ಕನ್ನಡಕ ಹಾಕಿ, ಪೆನ್ನು ಹಿಡಿದು ಮೇಲಿನಿಂದ ಕೂಡಿಸುತ್ತಾ ಬಂದರು. ಕೆಳಗೆ ಬಂದು ನಿಂತರು.

"6,100 ಆಗ್ತದಲ್ಲೋ. ಲೇತಿನ 200 ಎರಡು ಸಲ ಕೂಡಿಸೀ."

ನೋಡಿದೆ, ಹೌದು. ಮೊದಲೇ ಒಮ್ಮೆ ಪಕ್ಕದಲ್ಲಿ ಬರೆದುಕೊಂಡಿದ್ದೆ, ಅದನ್ನೂ ಸೇರಿಸಿದ್ದೆ. ಕೈ ಕೆಳಗೆ ಎಳೆಯುತ್ತೆ ಅಂದೆನಲ್ಲ.

"9,900. ಮತ್ತ ಈ 5 ಅಳಸಿದ್ದು ಏನದು?"

ಥಿನ್ನರಿನ ಕತೆ ಹೇಳಿದೆ. ಅವರು ನಕ್ಕರು. "ಗೇಟಿನ ಬಣ್ಣ ಹೊಡದವರು ನಮ್ಮವರು, ಅದಕ್ಕ ನಮಗ ಹತ್ತು ಸಾವಿರ ಹೋತು. ನಿನಗ ಎರಡು ಹೋತು. ನಡೀತದ. ನಿನ್ನ ಕೂಲಿ ಎಲ್ಲೈತಿ ಇದರಾಗ?" ಕೂಲಿ ಹಾಕಿಲ್ಲ, ನನ್ನ ಚಟಕ್ಕೆ ಮಾಡಿದ್ದು ಅಂದೆ. "ಹಂಗಂದ್ರ ಐದು ವಾರದ ಚಹಾನೂ ನಾ ಹಾಕಂಗಿಲ್ಲ" ಅಂದು 9,900 ಎಣಿಸಿಕೊಂಡರು. ರಾತ್ರಿ ಮಗ ಮತ್ತೆ 60 ಸಾವಿರದ ಮಾತೆತ್ತಿದನಂತೆ. ಬಂದು ನೀನೇ ಮಾರು ಅಂದರಂತೆ.

ಟಾಯರ್ ಬಂದದ್ದು ಹನ್ನೊಂದು ದಿನಕ್ಕೆ. ಹಾಕಿ, ಕೆಲಗೇರಿ ಕೆರೆಯವರೆಗೆ ಹೋಗಿ ಬಂದೆ. ಗೇರು ಸರಿ ಬೀಳುತ್ತಿವೆ, ಪೆಡಲ್ ಟಕ್ ಟಕ್ ಹೋಗಿದೆ. ಆದರೆ ಮುಂದಿನ ಬ್ರೇಕ್ ಹಿಡಿದರೆ ಇಡೀ ಸಪ್ತಾಪುರ ತಿರುಗಿ ನೋಡುವ ಹಾಗೆ ಕಿರುಚುತ್ತದೆ. ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗುವ ಹಾಗೆ ಒಂದು ಮಿಲಿಮೀಟರ್ ಓರೆ ಮಾಡಬೇಕು. ಆ ಕಾಲದ ಈ ಬ್ರೇಕಿನಲ್ಲಿ ಅದಕ್ಕೆ ಸ್ಕ್ರೂ ಇಲ್ಲ, ತೋಳನ್ನೇ ಪಾನಾದಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಬೇಕು. ಅದು ಬರುವ ರವಿವಾರಕ್ಕೆ.